ಚಾರ್ಜರ್ ಇದೆ, ಹತ್ತಿರ ಹೋಗಲು ಜಾಗವಿಲ್ಲ

ನಮ್ಮ ಪೆಟ್ರೋಲ್ ಬಂಕುಗಳಲ್ಲಿ ಒಂದು ಸೌಕರ್ಯವಿದೆ. ಎರಡೂ ಕಾಲು ಗಟ್ಟಿಯಿರುವವರು ಅದನ್ನು ಗಮನಿಸಿರಲಾರರು. ಅಲ್ಲಿ ಯಾರೂ ಕಾರಿನಿಂದ ಇಳಿಯಬೇಕಾಗಿಲ್ಲ. ಗಾಜು ಇಳಿಸಿ "ಸಾವಿರಕ್ಕೆ ಹಾಕಪ್ಪ" ಅಂದರೆ ಸಾಕು, ಬಂಕಿನ ಹುಡುಗ ಮುಚ್ಚಳ ತೆಗೆದು, ಪೈಪ್ ಇಟ್ಟು, ಮೀಟರಿನ ಸೊನ್ನೆ ತೋರಿಸಿ, ಕೊನೆಗೆ ಹಣ ಕಟ್ಟುವ ಮಷಿನ್ನನ್ನೂ ಕಿಟಕಿಗೇ ತಂದು ಹಿಡಿಯುತ್ತಾನೆ. ಎಷ್ಟೋ ವರ್ಷ ಹೀಗೇ ಪೆಟ್ರೋಲ್ ಹಾಕಿಸಿಕೊಂಡೆ. ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಆ ಹುಡುಗ ಇಲ್ಲ. ಚಾರ್ಜರ್ ಇದೆ, ಪರದೆ ಇದೆ, ದಪ್ಪ ಕೇಬಲ್ ಇದೆ. ಉಳಿದದ್ದೆಲ್ಲ ನಾನೇ ಮಾಡಿಕೊಳ್ಳಬೇಕು.

ಮಗುವಾಗಿದ್ದಾಗ ಬಂದ ಪೋಲಿಯೊ ನನ್ನ ಬಲಗಾಲಿನ ಶಕ್ತಿ ಕಿತ್ತುಕೊಂಡಿತು. ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಕಟ್ಟಿಕೊಳ್ಳುತ್ತೇನೆ, ಎಡಗೈಯಲ್ಲಿ ಊರುಗೋಲು. ನಿಂತಿರುವಾಗ ಕೆಲಸಕ್ಕೆ ಸಿಗುವುದು ಬಲಗೈ ಒಂದೇ. ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ 2014ರ ಮಾರ್ಚ್‌ನಲ್ಲಿ ಸಿಕ್ಕಿತು. ಈಗಿನ ಮಕ್ಕಳಿಗೆ ಆ ಕಾಟವಿಲ್ಲ ಎಂಬುದು ದೊಡ್ಡ ಸಂಗತಿ. ಆದರೆ ಅದಕ್ಕೆ ಮೊದಲು ಹುಟ್ಟಿದ ನಾವು ಇನ್ನೂ ಇದ್ದೇವೆ, ನೌಕರಿ ಮಾಡುತ್ತೇವೆ, ಕಾರು ಓಡಿಸುತ್ತೇವೆ. ನಾನು ಹಾಸನದಲ್ಲಿ ಬ್ಯಾಂಕ್ ಉದ್ಯೋಗಿ. ಅಕ್ಕನ ಮನೆ, ಮೂಳೆ ಡಾಕ್ಟರು, ಕ್ಯಾಲಿಪರ್ ರಿಪೇರಿ ಮಾಡುವವರು ಎಲ್ಲ ಬೆಂಗಳೂರಿನಲ್ಲಿ. ಆದ್ದರಿಂದ ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲದ ಆ ಹೆದ್ದಾರಿ ನನಗೆ ಚೆನ್ನಾಗಿ ಪರಿಚಯ.

ಎಲೆಕ್ಟ್ರಿಕ್ ಕಾರಿನ ವಿಚಾರದಲ್ಲಿ ನನ್ನಂಥವರು ಉಳಿದವರಿಗಿಂತ ಹೆಚ್ಚು ಸಂತೋಷಪಟ್ಟಿದ್ದೇವೆ, ಅದನ್ನು ಮೊದಲೇ ಹೇಳಿಬಿಡಬೇಕು. ಕಾಲಿನಿಂದ ಓಡಿಸಲಾಗದವರು ಕಾರಿಗೆ ಹ್ಯಾಂಡ್ ಕಂಟ್ರೋಲ್ ಹಾಕಿಸುತ್ತಾರೆ. ಸ್ಟೀರಿಂಗ್ ಕೆಳಗೆ ಒಂದು ಸನ್ನೆ. ಒಂದು ಕಡೆ ಒತ್ತಿದರೆ ಬ್ರೇಕು, ಇನ್ನೊಂದು ಕಡೆ ಎಳೆದರೆ ವೇಗ. ಗೇರ್ ಕಾರಾದರೆ ಕ್ಲಚ್ಚನ್ನೂ ಕೈಗೇ ತರಬೇಕು, ಒಂದು ಕೈಗೆ ಮೂರು ಕೆಲಸ. ಎಲೆಕ್ಟ್ರಿಕ್ ಕಾರಿನಲ್ಲಿ ಕ್ಲಚ್ಚೇ ಇಲ್ಲ, ಗೇರ್ ಬದಲಿಸುವ ತಂಟೆಯಿಲ್ಲ. ವೇಗದ ಸನ್ನೆ ಬಿಟ್ಟರೆ ಮೋಟರೇ ಕಾರನ್ನು ನಿಧಾನ ಮಾಡುತ್ತಾ ಆ ಶಕ್ತಿಯನ್ನು ಬ್ಯಾಟರಿಗೆ ವಾಪಸು ಕೊಡುತ್ತದೆ. ಬ್ರೇಕ್ ಒತ್ತುವ ಕೆಲಸವೂ ಅರ್ಧಕ್ಕರ್ಧ ಕಡಿಮೆ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. ಚೇತನ್ ಮೈನಿ ಅವರ ಪುಟ್ಟ ರೇವಾ ಕಾರು ಬೆಂಗಳೂರಿನಲ್ಲಿ ರಸ್ತೆಗಿಳಿದದ್ದು 2001ರಲ್ಲಿ. ವಿದ್ಯುತ್ ವಾಹನಗಳಿಗೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ ರಾಜ್ಯವೂ ನಮ್ಮದೇ, 2017ರಲ್ಲಿ. 2024ರ ಕೊನೆಯ ಹೊತ್ತಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ದೇಶಕ್ಕೇ ಮೊದಲು ಕರ್ನಾಟಕವಿತ್ತು. ಇಷ್ಟೆಲ್ಲ ಹೆಮ್ಮೆಪಡಬೇಕಾದದ್ದೇ. ಆ ಕೇಂದ್ರಗಳ ಮುಂದೆ ಕಾರು ನಿಲ್ಲಿಸಿ ಇಳಿಯುವಾಗ ಏನಾಗುತ್ತದೆ ಎಂಬುದನ್ನೂ ಅಷ್ಟೇ ಗಮನವಿಟ್ಟು ನೋಡಬೇಕು ಎಂಬುದು ನನ್ನ ಮಾತು.

ಎಲೆಕ್ಟ್ರಿಕ್ ಕಾರು ಇಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನನ್ನ ಕಾರಿನ ಬ್ಯಾಟರಿ ಸುಮಾರು 30 ಯೂನಿಟ್ ವಿದ್ಯುತ್ ಹಿಡಿಯುತ್ತದೆ, ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್ಟು. ಮನೆಯಲ್ಲಿ ದೊಡ್ಡ ಪ್ಲಗ್ಗಿಗೆ ಹಾಕಿದರೆ ಗಂಟೆಗೆ 3 ಯೂನಿಟ್ ಆಸುಪಾಸು ತುಂಬುತ್ತದೆ, ರಾತ್ರಿಯಿಡೀ ಬೇಕು. ಹೆದ್ದಾರಿಯಲ್ಲಿ ಅಷ್ಟು ಹೊತ್ತು ಕೂರಲಾಗದು, ಅದಕ್ಕೇ ಡಿಸಿ ಫಾಸ್ಟ್ ಚಾರ್ಜರ್. 30 ಕಿಲೋವಾಟ್ ಚಾರ್ಜರ್, ಅಂದರೆ ಗಂಟೆಗೆ 30 ಯೂನಿಟ್ ಕೊಡುವಂಥದ್ದು, ಸಿಕ್ಕಿತೆನ್ನಿ. ಶೇಕಡಾ 20ರಿಂದ 80ಕ್ಕೆ ಏರಿಸಲು ಬೇಕಾದದ್ದು 18 ಯೂನಿಟ್. ಲೆಕ್ಕದಲ್ಲಿ 36 ನಿಮಿಷ, ನಿಜದಲ್ಲಿ ಮುಕ್ಕಾಲು ಗಂಟೆ ಹಿಡಿದುಕೊಳ್ಳಿ. ಒಂದೇ ಪೆಟ್ಟಿಗೆಗೆ ಎರಡು ಗನ್ (ಕಾರಿಗೆ ಸಿಕ್ಕಿಸುವ ಕೇಬಲ್ಲಿನ ತುದಿ) ಇದ್ದು ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ ಕೆಲವು ಕಡೆ ಶಕ್ತಿ ಎರಡು ಪಾಲಾಗುತ್ತದೆ, ಸಮಯ ಇನ್ನೂ ಎಳೆಯುತ್ತದೆ.

80ರ ಆಚೆಗಿನ ಕಥೆ ಬೇರೆ. ಬಿಂದಿಗೆ ಕಂಠದವರೆಗೆ ಬಂದಾಗ ನಲ್ಲಿಯನ್ನು ಸಣ್ಣ ಮಾಡುತ್ತೇವಲ್ಲ, ಕಾರು ತನ್ನ ಬ್ಯಾಟರಿಯನ್ನು ಕಾಪಾಡಿಕೊಳ್ಳಲು ಹಾಗೇ ಮಾಡುತ್ತದೆ. ಉಳಿದ ಆರು ಯೂನಿಟ್ಟಿಗೆ, ಮೊದಲ ಹದಿನೆಂಟಕ್ಕೆ ಹಿಡಿದಷ್ಟೇ ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. ಹಿಂದೆ ಯಾರಾದರೂ ಕಾಯುತ್ತಿದ್ದರೆ 80ಕ್ಕೆ ಗನ್ ತೆಗೆದು ಹೊರಡಬೇಕು ಎಂಬ ಮಾತು ಹುಟ್ಟಿದ್ದು ಇದರಿಂದ. ಮುಂದಿನ ಚಾರ್ಜರ್ ತಲುಪಲು ನಿಜವಾಗಿಯೂ 90 ಬೇಕಾದವರು ಕಾಯುತ್ತಿರುವವರಿಗೆ ಒಂದು ಮಾತು ಹೇಳಿ ತುಂಬಿಸಿಕೊಳ್ಳಲಿ, ಯಾರೂ ಜಗಳವಾಡುವುದಿಲ್ಲ. ಹೇಳದೆ ಊಟಕ್ಕೆ ಹೋಗಿ, ಕಾಫಿ ಕುಡಿದು, ಮಗುವಿಗೆ ಜಾರುಬಂಡೆ ಆಡಿಸಿ ಬರುವವರಿಂದಲೇ ಜಗಳ. ಚಾರ್ಜ್ ಮುಗಿದ ಕಾರು ಜಾಗ ಬಿಡದಿದ್ದರೆ ಹೆಚ್ಚುವರಿ ಹಣ ಹಾಕುವ ಕಂಪನಿಗಳೂ ಇವೆ. ನನಗೆ ಅದು ಸರಿಯೆನಿಸುತ್ತದೆ.

ಇನ್ನು ನನ್ನ ಇಳಿಯುವ ವಿಚಾರ. ಕ್ಯಾಲಿಪರ್‌ನ ಮಂಡಿಗೊಂದು ಬೀಗವಿದೆ, ಅದನ್ನು ಹಾಕಿದರೆ ಕಾಲು ಮಡಿಚುವುದಿಲ್ಲ. ಮಂಡಿಯ ಬೀಗ ಬಿಚ್ಚಿ ಕೂತಿರುತ್ತೇನೆ, ಇಳಿಯುವಾಗ ಕಾಲನ್ನು ನೇರ ಚಾಚಿ ಬೀಗ ಹಾಕಿ ಆಮೇಲೆ ಏಳಬೇಕು. ಅದಕ್ಕೆ ಬಾಗಿಲು ಪೂರ್ತಿ ತೆರೆಯಬೇಕು. ಪಕ್ಕದ ಕಾರು ಒಂದು ಅಡಿ ದೂರದಲ್ಲಿ ನಿಂತಿದ್ದರೆ ನಾನು ಒಳಗೇ ಕೂತಿರಬೇಕಾಗುತ್ತದೆ. ಗಾಲಿಕುರ್ಚಿ ಬಳಸುವವರಿಗಂತೂ ಕುರ್ಚಿಯನ್ನು ಕಾರಿನ ಪಕ್ಕದಲ್ಲಿ ಬಿಡಿಸಿ ಇಡಲು ಜಾಗ ಬೇಕು. ಅಂಗವಿಕಲರ ಕಾರಿನ ಜಾಗ ಕನಿಷ್ಠ 3.6 ಮೀಟರ್ ಅಗಲ ಇರಬೇಕು ಎಂದು ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪವಿಧಿಯಲ್ಲಿ ಬರೆದಿರುವುದು ಇದೇ ಕಾರಣಕ್ಕೆ. ಕಚೇರಿ, ಆಸ್ಪತ್ರೆಗಳ ಮುಂದೆ ನೀಲಿ ಬಣ್ಣ ಬಳಿದ ಅಂಥ ಜಾಗಗಳನ್ನು ನೀವು ನೋಡಿರುತ್ತೀರಿ. ಚಾರ್ಜರ್ ಮುಂದೆ ಅಂಥ ಒಂದು ಜಾಗವನ್ನು ನಮ್ಮ ಹೆದ್ದಾರಿಯಲ್ಲಿ ನಾನಿನ್ನೂ ಕಂಡಿಲ್ಲ.

ಇಳಿದ ಮೇಲೆ ನೆಲ. ಹೋಟೆಲುಗಳವರು ಚಾರ್ಜರ್‌ಗೆ ಕೊಡುವುದು ಹೆಚ್ಚಾಗಿ ಆವರಣದ ಮೂಲೆ, ಟ್ರಾನ್ಸ್‌ಫಾರ್ಮರ್ ಇರುವ ಕಡೆ. ವೈರು ಎಳೆಯುವ ಖರ್ಚು ಉಳಿಯುತ್ತದೆ, ಅರ್ಥವಾಗುತ್ತದೆ. ಆದರೆ ಅಲ್ಲಿ ಜಲ್ಲಿ ಹರಡಿರುತ್ತಾರೆ. ಜಲ್ಲಿಯ ಮೇಲೆ ಊರುಗೋಲು ಜಾರುತ್ತದೆ, ಗಾಲಿಕುರ್ಚಿಯ ಚಕ್ರ ಹೂತುಕೊಳ್ಳುತ್ತದೆ. ಅದನ್ನು ದಾಟಿದರೆ ಚಾರ್ಜರ್ ಕೂತಿರುವ ಸಿಮೆಂಟ್ ಕಟ್ಟೆ. ಮಳೆನೀರು ತಾಗಬಾರದೆಂದು ಎತ್ತರಿಸಿರುತ್ತಾರೆ. ಕಟ್ಟೆಯ ಎತ್ತರಕ್ಕೆ ಪೆಟ್ಟಿಗೆಯ ಎತ್ತರ ಸೇರಿ ಪರದೆ ನಿಂತವರ ಮುಖದ ಮಟ್ಟಕ್ಕಿರುತ್ತದೆ. ಕುರ್ಚಿಯಲ್ಲಿ ಕೂತವರಿಗೆ ಬರೀ ಪ್ರತಿಫಲಿಸುವ ಬಿಸಿಲು ಕಾಣುತ್ತದೆ. ಕಾರು ಬಂದು ಗುದ್ದಬಾರದೆಂದು ಮುಂದೆ ಕಬ್ಬಿಣದ ಕಂಬ ನೆಟ್ಟಿರುತ್ತಾರೆ. ಕಂಬ ಬೇಕೇ ಬೇಕು, ತಕರಾರಿಲ್ಲ. ಎರಡು ಕಂಬಗಳ ನಡುವೆ ಒಂದು ಗಾಲಿಕುರ್ಚಿ ನುಗ್ಗುವಷ್ಟು ಸಂದು ಬಿಡಲು ಮಾತ್ರ ಯಾರಿಗೂ ತೋಚಿಲ್ಲ.

ಗನ್ ಎತ್ತುವುದು ಕೊನೆಯ ಕೆಲಸ, ಎಲ್ಲಕ್ಕಿಂತ ಕಷ್ಟದ್ದು. ಫಾಸ್ಟ್ ಚಾರ್ಜರ್‌ನ ಕೇಬಲ್ ದಪ್ಪ, ಗಡುಸು, ಭಾರ. ಗನ್ನನ್ನು ಒಂದು ಕೈಯಲ್ಲಿ ಎತ್ತಿ, ಕೇಬಲ್ಲಿನ ತಿರುಚು ಬಿಡಿಸಿ, ಸಾಕೆಟ್ಟಿಗೆ ಸರಿಯಾಗಿ ಹೊಂದಿಸಿ, ಕಟಕ್ಕೆಂದು ಕೂರುವವರೆಗೆ ಒತ್ತಬೇಕು. ಎರಡು ಕೈ ಇದ್ದವರೂ ಎರಡನ್ನೂ ಬಳಸುತ್ತಾರೆ. ಕೇಬಲ್ ನೆಲದಲ್ಲಿ ಸುರುಳಿ ಬಿದ್ದಿದ್ದರೆ ಬಗ್ಗಿ ಎತ್ತಬೇಕು. ಬಗ್ಗುವುದು ನನ್ನಿಂದ ಆಗದು. ಓದುಗರಲ್ಲಿ ಎಲೆಕ್ಟ್ರಿಕ್ ಕಾರಿನವರು ಯಾರಾದರೂ ಇದ್ದರೆ ನಿಮ್ಮಲ್ಲಿ ನನ್ನ ಮೊದಲ ಕೋರಿಕೆ ಇದೇ: ಚಾರ್ಜ್ ಮುಗಿದ ಮೇಲೆ ಗನ್ನನ್ನು ಅದರ ಗೂಡಿಗೇ ಸಿಕ್ಕಿಸಿ, ಕೇಬಲ್ಲನ್ನು ಕೊಕ್ಕೆಗೆ ತೂಗುಹಾಕಿ. ನೆಲಕ್ಕೆ ಬಿದ್ದ ಗನ್ನಿನೊಳಗೆ ಮಣ್ಣು ನೀರು ಸೇರುತ್ತದೆ, ಅದರ ಮೇಲೆ ಕಾರಿನ ಚಕ್ರ ಹತ್ತುತ್ತದೆ, ಆಮೇಲೆ ಅದು ಯಾರಿಗೂ ಕೆಲಸಕ್ಕೆ ಬಾರದು. ತೂಗುಹಾಕುವುದು ಅರ್ಧ ನಿಮಿಷದ ಕೆಲಸ.

ಹೆದ್ದಾರಿಯಲ್ಲಿ ಸಿಗುವ ಕ್ಯಾಬ್ ಚಾಲಕರನ್ನು ನಾನು ತುಂಬ ಗೌರವಿಸುತ್ತೇನೆ. ಎಲೆಕ್ಟ್ರಿಕ್ ಟ್ಯಾಕ್ಸಿಗಳವರು ದಿನವೂ ಚಾರ್ಜರ್ ಮುಂದೆ ಬದುಕುವವರು, ಅವರಿಗೆ ಅದರ ಹಟ, ಹುನ್ನಾರವೆಲ್ಲ ಗೊತ್ತು. ಅವರ ಗಾಡಿಯ ಹಸಿರು ನಂಬರ್ ಫಲಕದ ಮೇಲೆ ಹಳದಿ ಅಕ್ಷರ ಕಂಡರೆ ನನಗೆ ಧೈರ್ಯ. ಒಂದು ಸಲ ಮಳೆಯಲ್ಲಿ ಇಳಿಯಲು ಹೆಣಗುತ್ತಿದ್ದಾಗ ಪಕ್ಕದ ಗಾಡಿಯಲ್ಲಿ ಸೀಟು ಮಲಗಿಸಿಕೊಂಡಿದ್ದ ಹುಡುಗ ಎದ್ದು ಬಂದ. "ಅಮ್ಮಾ, ನೀವು ಇಳೀಬೇಡಿ, ಅಲ್ಲೇ ಕೂತ್ಕಳಿ. ಮುಚ್ಚಳ ಓಪನ್ ಮಾಡಿ ಸಾಕು, ನಾನ್ ಹಾಕ್ತೀನಿ" ಅಂದ. ಹಾಕಿದ. ಚಾರ್ಜಿಂಗ್ ಶುರುಮಾಡುವ ಆ್ಯಪ್ ನೆಟ್‌ವರ್ಕ್ ಸಿಗದೆ ಸುತ್ತುತ್ತಿದ್ದಾಗ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಇದು ಹಿಂಗೇಯ" ಎಂದು ದಾರಿಯನ್ನೂ ತೋರಿಸಿದ. ಅವನ ನಿದ್ದೆ ಕೆಟ್ಟಿತು. ನನ್ನ ಪ್ರಯಾಣ ಸಾಗಿತು.

ಇಂಥವರು ಇರುವುದರಿಂದಲೇ ನಾನು ದಾರಿಯಲ್ಲಿ ನಿಂತುಹೋಗಿಲ್ಲ. ಆದರೆ ಒಬ್ಬ ಒಳ್ಳೆಯ ಹುಡುಗ ಪಕ್ಕದಲ್ಲಿ ಮಲಗಿರುತ್ತಾನೆ ಎಂಬ ನಂಬಿಕೆಯ ಮೇಲೆ ಯಾರೂ ಪ್ರಯಾಣ ಹೊರಡಲಾರರು. ಸಂಜೆ ಏಳರ ಮೇಲೆ ದೀಪವಿಲ್ಲದ ಮೂಲೆಯಲ್ಲಿ, ಹೆಂಗಸೊಬ್ಬಳು, ಓಡಲಾಗದವಳು, ಅಪರಿಚಿತರನ್ನು ಸಹಾಯಕ್ಕೆ ಕರೆಯುವ ಮೊದಲು ಎಷ್ಟು ಯೋಚಿಸುತ್ತಾಳೆ ಎಂಬುದನ್ನು ಜಾಗ ಗೊತ್ತುಮಾಡುವವರು ನೆನಪಿಡಬೇಕು. ಮುಕ್ಕಾಲು ಗಂಟೆ ಕಾಯುವ ಕಡೆ ಶೌಚಾಲಯವೂ ಬೇಕು. ಮೆಟ್ಟಿಲಿಲ್ಲದ, ಕಮೋಡ್ ಇರುವ, ಹಿಡಿದುಕೊಳ್ಳಲು ಗೋಡೆಗೊಂದು ಸರಳಿರುವ ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡು ನಾನು ಚಾರ್ಜರ್ ಆರಿಸುತ್ತೇನೆ, ಕಿಲೋವಾಟ್ ನೋಡಿಕೊಂಡಲ್ಲ.

ಜಾಗ ಹಿಡಿಯುವ ಜಗಳಕ್ಕೆ ಬರೋಣ. ಚಾರ್ಜರ್ ಮುಂದೆ ಪೆಟ್ರೋಲ್ ಕಾರು ನಿಲ್ಲಿಸುವುದು ಎಲ್ಲ ಊರಲ್ಲೂ ಇದೆ. ನೆರಳಿದೆ, ಖಾಲಿ ಇದೆ, ಐದೇ ನಿಮಿಷ ಎಂದು ಬಿಟ್ಟುಹೋಗುತ್ತಾರೆ. ಎಲೆಕ್ಟ್ರಿಕ್ ಕಾರಿನವರೂ ಇದನ್ನು ಮಾಡುತ್ತಾರೆ, ಗನ್ ಹಾಕದೆ ಬರೀ ಪಾರ್ಕಿಂಗಿಗೆ. ಆ್ಯಪ್‌ನಲ್ಲಿ ಚಾರ್ಜರ್ ಖಾಲಿ ಎಂದು ತೋರಿಸುತ್ತಿರುತ್ತದೆ. ಅದನ್ನು ನಂಬಿ ಶೇಕಡಾ 12ರಲ್ಲಿ ಬಂದವರು ಕಾರಿನ ಹಿಂದೆ ನಿಂತು ಹಾರನ್ ಹೊಡೆಯಬೇಕು. ಉಳಿದವರಾದರೆ ಇಳಿದು ಹೋಗಿ ಹೋಟೆಲಿನ ಒಳಗೆ "ಬಿಳಿ ಕಾರು ಯಾರದು?" ಎಂದು ಕೇಳಿಬರಬಹುದು. ನನಗೆ ಆ ಐವತ್ತು ಹೆಜ್ಜೆ, ಎರಡು ಮೆಟ್ಟಿಲು, ಮತ್ತೆ ವಾಪಸು ಬರುವುದು ಒಂದು ದೊಡ್ಡ ಕೆಲಸ. ಆದ್ದರಿಂದ ಕಾರು ಬಿಟ್ಟುಹೋಗುವವರು ಡ್ಯಾಶ್‌ಬೋರ್ಡಿನ ಮೇಲೆ ಫೋನ್ ನಂಬರ್ ಬರೆದ ಚೀಟಿ ಇಟ್ಟುಹೋಗಬೇಕು. ನಾನು ಇಡುತ್ತೇನೆ, ಜೊತೆಗೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದೂ ಬರೆದಿರುತ್ತೇನೆ. ಕರೆ ಬಂದರೆ ಐದು ನಿಮಿಷದಲ್ಲಿ ಕಾರಿನ ಹತ್ತಿರ ಇರುತ್ತೇನೆ.

ಬೇರೆಯವರ ಕಾರಿನಿಂದ ಗನ್ ಕೀಳುವುದು ತಪ್ಪು. ಬಹುತೇಕ ಕಾರುಗಳಲ್ಲಿ ಚಾರ್ಜ್ ಆಗುವಾಗ ಗನ್ ಲಾಕ್ ಆಗಿರುತ್ತದೆ, ಎಳೆದರೆ ಬರುವುದಿಲ್ಲ. ಸಿಟ್ಟಿನಲ್ಲಿ ಕೆಲವರು ಪೆಟ್ಟಿಗೆಯ ಮೇಲಿನ ಕೆಂಪು ಗುಂಡಿ ಒತ್ತುತ್ತಾರೆ. ಅದು ಬೆಂಕಿ, ಶಾಕ್, ಹೊಗೆ ಇಂಥ ಅಪಾಯದ ಹೊತ್ತಿಗೆ ಇಟ್ಟದ್ದು. ಒತ್ತಿದ ಮೇಲೆ ಅದನ್ನು ಮತ್ತೆ ಸರಿಸ್ಥಿತಿಗೆ ತರದ ಹೊರತು ಚಾರ್ಜರ್ ಏಳುವುದಿಲ್ಲ. ಕೆಲವು ಕಡೆ ಕಂಪನಿಯವರೇ ಮಾಡಬೇಕು. ಒಬ್ಬರ ಮೇಲಿನ ಸಿಟ್ಟಿಗೆ ಹಿಂದೆ ಬರುವವರೆಲ್ಲ ದಾರಿಯಲ್ಲಿ ಉಳಿಯುತ್ತಾರೆ.

ಅಂಗವಿಕಲರಿಗೆಂದು ಒಂದು ಚಾರ್ಜರನ್ನೇ ಮೀಸಲಿಡಬೇಕು ಎಂದು ನನ್ನ ಕೆಲವು ಗೆಳೆಯರ ವಾದ. ನಾನು ಒಪ್ಪುವುದಿಲ್ಲ. ಎರಡೇ ಗನ್ ಇರುವ ಕಡೆ ಒಂದನ್ನು ಯಾರೂ ಮುಟ್ಟಬಾರದೆಂದು ಇಟ್ಟರೆ ಅದು ದಿನವಿಡೀ ಖಾಲಿ ನಿಂತು ಎಲ್ಲರ ಕಣ್ಣು ಕುಕ್ಕುತ್ತದೆ, ಎರಡನೇ ವಾರಕ್ಕೆ ಫಲಕವೇ ಮಾಯವಾಗುತ್ತದೆ. ಒಂದು ಜಾಗವನ್ನು ಅಗಲ ಮಾಡಿ, ನೆಲ ಸಮ ಮಾಡಿ, "ಬೇರೆಲ್ಲ ಭರ್ತಿಯಾದ ಮೇಲೆ ಇಲ್ಲಿ ನಿಲ್ಲಿಸಿ" ಎಂದು ಬರೆದರೆ ಸಾಕು. ಅಗಲ ಜಾಗ ಮಗುವಿನ ಸೀಟು ಇಳಿಸುವ ತಾಯಿಗೂ ಅಜ್ಜಿಯನ್ನು ಕರೆತಂದವರಿಗೂ ಬೇಕು. ನನ್ನನ್ನು ಸರದಿ ಮುರಿದು ಮುಂದೆ ಬಿಡಿ ಎಂದೂ ನಾನು ಕೇಳುತ್ತಿಲ್ಲ. ಸರದಿ ನನಗೂ ಬರಲಿ, ಬಂದಾಗ ಬಾಗಿಲು ತೆರೆಯಲು ಜಾಗ ಇರಲಿ.

ಊರೊಳಗೆ ಇನ್ನೊಂದು ತೊಂದರೆ ಹುಟ್ಟಿಕೊಂಡಿದೆ, ಅದು ಕಾರಿಲ್ಲದವರದ್ದು. ಫುಟ್‌ಪಾತ್ ಮೇಲೆ ಚಾರ್ಜರ್ ನೆಟ್ಟು, ಅಲ್ಲಿಂದ ರಸ್ತೆಬದಿಯ ಕಾರಿಗೆ ಕೇಬಲ್ ಎಳೆದರೆ ನಡೆಯುವವರ ಕಾಲಿಗೆ ತೊಡರುತ್ತದೆ. ಬಿಳಿಕೋಲು ಹಿಡಿದು ಹೋಗುವ ಕಣ್ಣಿಲ್ಲದವರಿಗೆ ಮಂಡಿಯ ಎತ್ತರದಲ್ಲಿ ತೂಗುವ ಕೇಬಲ್ ಗೊತ್ತಾಗುವುದೇ ಇಲ್ಲ, ಕೋಲು ಅದರ ಕೆಳಗೆ ಸಾಗಿಬಿಡುತ್ತದೆ. ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ಮೊದಲೇ ಜಾಗವಿಲ್ಲ. ಚಾರ್ಜರ್ ಇಡುವುದಾದರೆ ಪಾರ್ಕಿಂಗ್ ಜಾಗದಿಂದ ಅರ್ಧ ಮೀಟರ್ ತೆಗೆದು ಇಡಲಿ, ನಡೆಯುವವರ ಪಾಲಿನಿಂದ ಬೇಡ.

ಕಾನೂನು ಏನು ಹೇಳುತ್ತದೆ ಎಂದು ನಾನು ಹುಡುಕಿ ಓದಿದೆ, ಏಕೆಂದರೆ ಕೇಳಿದ ಕಡೆಯಲ್ಲೆಲ್ಲ "ಅದಕ್ಕೆ ರೂಲ್ಸ್ ಇಲ್ಲ ಮೇಡಂ" ಎಂಬ ಉತ್ತರ ಸಿಗುತ್ತಿತ್ತು. ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಒಂದು ಸ್ಪಷ್ಟನೆ ಕೊಟ್ಟಿತು: ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ; ಆದ್ದರಿಂದ ವಿದ್ಯುತ್ ಕಾಯ್ದೆಯ ಲೈಸೆನ್ಸ್ ಬೇಕಿಲ್ಲ. ಹೋಟೆಲು, ಮಾಲು, ಬಂಕು ಎಲ್ಲರೂ ಚಾರ್ಜರ್ ಹಾಕಲು ಸಾಧ್ಯವಾದದ್ದು ಈ ಒಂದು ಮಾತಿನಿಂದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಮಾರ್ಗಸೂಚಿ, ನಗರಗಳಲ್ಲಿ 3 ಕಿಲೋಮೀಟರ್ ಉದ್ದಗಲದ ಪ್ರತಿ ಚೌಕದಲ್ಲೂ ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದೂ ಕೇಂದ್ರ ಬೇಕೆಂದಿತು. ಚಾರ್ಜರಿನಿಂದ ಚಾರ್ಜರಿಗೆ ಎಷ್ಟು ದೂರ ಎಂದು ಹೀಗೆ ಲೆಕ್ಕ ಹಾಕಿದವರಿದ್ದಾರೆ. ಕಾರಿನ ಬಾಗಿಲಿನಿಂದ ಚಾರ್ಜರಿಗೆ ಇರುವ ಎರಡು ಮೀಟರಿನ ಲೆಕ್ಕವೂ ಬೇಕು.

ಇನ್ನೊಂದು ಕಡೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. ಅದರ 46ನೇ ಕಲಮು ಸರ್ಕಾರಿ ಇರಲಿ, ಖಾಸಗಿ ಇರಲಿ, ಸೇವೆ ಒದಗಿಸುವವರೆಲ್ಲ ತಮ್ಮ ಸೇವೆಯನ್ನು ಸುಗಮ್ಯತೆಯ ನಿಯಮಗಳಿಗೆ ತಕ್ಕಂತೆ ಕೊಡಬೇಕು ಎನ್ನುತ್ತದೆ. ಎರಡನ್ನೂ ಜೋಡಿಸಿ ಓದಿ. ಲೈಸೆನ್ಸ್ ಬೇಡ ಎನ್ನುವಾಗ ಚಾರ್ಜಿಂಗ್ ಒಂದು ಸೇವೆಯಾದರೆ, ನನ್ನಂಥವರಿಗೆ ಕೊಡುವಾಗಲೂ ಅದು ಸೇವೆಯೇ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾದವು ಬೇಕು ಎಂದು ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಬ್ರಿಟನ್ನಿನಲ್ಲಿ ಅಂಗವಿಕಲರ ಓಡಾಟಕ್ಕೆ ನೆರವಾಗುವ ಸಂಸ್ಥೆಯೊಂದು ಸರ್ಕಾರದ ಜೊತೆ ಸೇರಿ 2022ರಲ್ಲೇ ಪಾಸ್ 1899 ಎಂಬ ಮಾನದಂಡ ಮಾಡಿಸಿತು. ಜಾಗದ ಅಗಲ, ಕಟ್ಟೆ, ಪರದೆಯ ಎತ್ತರ, ಗನ್ ಎತ್ತಲು ಬೇಕಾದ ಬಲ ಎಲ್ಲವೂ ಅದರಲ್ಲಿವೆ. ನಮ್ಮ ಎಂಜಿನಿಯರುಗಳಿಗೆ ಇಂಥ ಮಾನದಂಡ ಬರೆಯಲು ತಿಂಗಳುಗಳು ಬೇಕಿಲ್ಲ. ಹೊಸ ಚಾರ್ಜರ್‌ಗಳಿಗೆ ಟೆಂಡರ್ ಕರೆಯುವಾಗ ಎರಡು ಪುಟ ಸೇರಿಸಿದರೆ ಆಯಿತು. ಚಾರ್ಜರ್ ನೆಟ್ಟ ಮೇಲೆ ಕಟ್ಟೆ ಒಡೆಯುವುದಕ್ಕಿಂತ ನೆಡುವ ಮೊದಲು ಕಟ್ಟೆಯನ್ನು ಇಳಿಜಾರು ಮಾಡುವುದು ಅಗ್ಗ.

ಅಲ್ಲಿಯವರೆಗೆ ಹೆದ್ದಾರಿ ಹೋಟೆಲುಗಳ ಮಾಲೀಕರಲ್ಲಿ, ಬಂಕು ನಡೆಸುವವರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಮೇಜು ಒರೆಸುವ, ಗೇಟು ಕಾಯುವ, ಪೆಟ್ರೋಲ್ ಹಾಕುವ ಹುಡುಗರಿದ್ದಾರೆ. ಅವರಲ್ಲಿ ಇಬ್ಬರಿಗೆ ಗನ್ ಹಾಕಿ ತೆಗೆಯುವುದನ್ನು ಒಂದು ಮಧ್ಯಾಹ್ನ ಹೇಳಿಕೊಡಿ. ಚಾರ್ಜರ್ ಪೆಟ್ಟಿಗೆಯ ಮೇಲೆ, ಕಾರಿನೊಳಗೆ ಕೂತೇ ಓದುವಷ್ಟು ದೊಡ್ಡ ಕನ್ನಡ ಅಕ್ಷರಗಳಲ್ಲಿ, "ಸಹಾಯ ಬೇಕಾದರೆ ಈ ನಂಬರಿಗೆ ಕರೆಮಾಡಿ" ಎಂದು ಗಲ್ಲಾದಲ್ಲಿರುವ ಫೋನಿನ ನಂಬರ್ ಬರೆಸಿ. ಒಂದು ಡಬ್ಬಿ ಪೇಂಟು, ಒಂದು ಬಲ್ಬು ಸಾಕು. ಈ ವಾರವೇ ಬರೆಸಿ.